ಫ್ಯಾನಿನ ಬಾಯಿಗೆ ಗೋಣಿಚೀಲ

ಒಲೆಯ ಉರಿ ಗಾಳಿಗೆ ಅಲ್ಲಾಡಿದರೆ ಹೋಳಿಗೆ ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದೆ. ಅದಕ್ಕೇ ಕಲ್ಯಾಣ ಮಂಟಪದ ದೊಡ್ಡ ಅಡುಗೆಯವರಾದ ಶ್ರೀಕಂಠಯ್ಯನವರು ಹೊಗೆ ಎಳೆಯುವ ಫ್ಯಾನು ನಿಲ್ಲಿಸಿ, ಅದರ ಬಾಯಿಗೆ ಗೋಣಿಚೀಲ ತುರುಕಿಸಿದ್ದರು. ಹಬೆ ಹೊರಗೆ ಹೋಗದೆ ಚಾವಣಿಗೆ ಕಪ್ಪು ಬೂಷ್ಟು ಹಿಡಿಯಿತು. ಮೇಲೆ ಸುಣ್ಣ ಬಳಿಸಿದರು. ಸುಣ್ಣದ ಮೇಲೂ ಅದು ಮೂಡಿತು.

ಅದರ ಕೆಳಗೇ ಕೂತು ಹೋಳಿಗೆ ತಟ್ಟುತ್ತಿದ್ದ ತುಂಗಮ್ಮನಿಗೆ ಮೊದಲು ಕೆಮ್ಮು ಹತ್ತಿತು. ಆಮೇಲೆ ಇನ್ನಿಬ್ಬರಿಗೆ. ಇವಳದ್ದೇ ಅಂಟಿದ್ದು ಅಂತ ಎಲ್ಲರೂ ಸೇರಿ ಅವಳ ಲೋಟ ಬೇರೆ ಇಟ್ಟರು. ಕೊನೆಗೆ ಮಾಲೀಕರು ಕೆಲಸದಿಂದಲೇ ಬಿಡಿಸಿದರು. ಶ್ರೀಕಂಠಯ್ಯನವರು ಹೋಳಿಗೆ ಮಗುಚುತ್ತಲೇ ಇದ್ದರು.

ಈಗ ಅವರಿಗೇ ಕೆಮ್ಮು.

"ಬೂಷ್ಟಿನ ಗಾಳಿ ಕುಡಿದಿದ್ದೀರಿ, ಇದು ಅಂಟುರೋಗ ಅಲ್ಲವೇ ಅಲ್ಲ," ಎಂದರು ಡಾಕ್ಟರು.

ಶ್ರೀಕಂಠಯ್ಯನವರು ನಿಜ ಹೇಳಿಬಿಡೋಣ ಅಂತ ತುಂಗಮ್ಮನ ಮನೆಗೆ ಹೋದರು.

"ಒಳಗೆ ಬರಬೇಡಿ ಅಣ್ಣಾ," ಅಂತ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಹಾಗಲ್ಲ ತುಂಗಮ್ಮ, ಆ ಫ್ಯಾನು..." ಎನ್ನುವಷ್ಟರಲ್ಲಿ ಅವರಿಗೆ ಕೆಮ್ಮು ಒತ್ತರಿಸಿ ಬಂತು.

"ಅಯ್ಯೋ, ನಿಮಗೂ ಅಂಟಿಸಿಬಿಟ್ಟೆನಲ್ಲ! ಅನ್ನ ಕೊಟ್ಟವರಿಗೇ ಹೀಗೆ ಮಾಡಿದೆನಲ್ಲ! ತಪ್ಪಾಯ್ತು ಅಣ್ಣಾ, ಕ್ಷಮಿಸಿ," ಅಂತ ಹೊಸ್ತಿಲಾಚೆಯಿಂದಲೇ ಕೈ ಮುಗಿದಳು.

ಕೆಮ್ಮು ನಿಂತ ಮೇಲೆ ಶ್ರೀಕಂಠಯ್ಯನವರು ಬಾಯಿ ಒರೆಸಿಕೊಂಡರು.

"ಹೋಗಲಿ ಬಿಡು ತಾಯಿ," ಎಂದರು, "ನಾನೇನೂ ಮನಸ್ಸಲ್ಲಿ ಇಟ್ಟುಕೊಂಡಿಲ್ಲ."