ಗೊಂಬೆ ಎಣ್ಣೆ

"ಅಯ್ಯೋ, ಇದು ನಮ್ಮ ಮಗೂದಲ್ಲ ಡಾಕ್ಟ್ರೇ. ಬೇರೆ ಯಾರದೋ ಬಂದುಬಿಟ್ಟಿದೆ," ಎಂದು ಅಪ್ಪ ನಕ್ಕುಬಿಟ್ಟ.

ದೀಪದ ಹಲಗೆಯ ಮೇಲೆ ಪುಟ್ಟ ಕೈಯೊಂದರ ಎಕ್ಸ್‌ರೇ ಇತ್ತು. ಡಾಕ್ಟರಮ್ಮ ನಗಲಿಲ್ಲ. "ನಿಮ್ಮ ಮಗಳದೇ. ಅವಳಿಗೆ ಆರು ವರ್ಷ, ಅವಳ ಮೂಳೆಗೆ ಹನ್ನೊಂದು. ನಿನ್ನೆ ರಕ್ತ ಕಾಣಿಸಿದ್ದೂ ಅದಕ್ಕೇ. ಮೈ ಈಗಲೇ ದೊಡ್ಡವಳಾಗೋಕೆ ಹೊರಟುಬಿಟ್ಟಿದೆ."

ಅಮ್ಮ ತಿರುಗಿ ಬಾಗಿಲತ್ತ ನೋಡಿದಳು. ಬಾಗಿಲ ಆಚೆ ಮಗಳು ಒಂಟಿಕಾಲಲ್ಲಿ ನೆಲದ ಟೈಲ್ಸು ದಾಟುತ್ತ ಆಡುತ್ತಿದ್ದಳು. ಕ್ಲಾಸಿಗೆಲ್ಲ ನನ್ನ ಮಗಳೇ ಎತ್ತರ ಎಂದು ಮೊನ್ನೆಯವರೆಗೂ ಕಂಡಕಂಡವರ ಮುಂದೆ ಮೀಸೆ ತಿರುವಿದವನು ಈ ಅಪ್ಪ. ಇನ್ನು ಕೆಲವೇ ವರ್ಷದಲ್ಲಿ ಅವಳ ಬೆಳವಣಿಗೆ ನಿಂತು, ಮುಂದೆ ಎಲ್ಲರಿಗಿಂತ ಗಿಡ್ಡಳಾಗಿ ಉಳಿಯಬಹುದು ಎಂದು ಡಾಕ್ಟರಮ್ಮ ಹೇಳಿದಾಗ ಅವನು ಎದ್ದು ಎಕ್ಸ್‌ರೇಯನ್ನು ಹತ್ತಿರದಿಂದ ನೋಡಿದ.

"ಮೈಗೆ ಏನಾದ್ರೂ ಹಚ್ತೀರಾ? ಕ್ರೀಮು, ಔಷಧಿ?" ಎಂದರು ಡಾಕ್ಟರಮ್ಮ.

"ಕ್ರೀಮು ಗೀಮು ಏನಿಲ್ಲ. ಹುಟ್ಟಿದಾಗಿಂದ ದಿನಾ ಎಣ್ಣೆ ತಿಕ್ತೀನಿ," ಎಂದಳು ಅಮ್ಮ. "ಇವರ ಫ್ಯಾಕ್ಟರಿದೇ. ಗೊಂಬೆ ಎಣ್ಣೆ."

ಅಪ್ಪ ಗೊಂಬೆ ಕಾರ್ಖಾನೆಯಲ್ಲಿ ಮಿಕ್ಸಿಂಗ್ ಶೆಡ್ಡಿನ ಮೇಸ್ತ್ರಿ. ಕೆಲಸದ ಮಾತು ಬಂದರೆ ಅವನನ್ನು ಹಿಡಿಯುವವರಿಲ್ಲ. "ಒಳ್ಳೇ ಎಣ್ಣೆ ಡಾಕ್ಟ್ರೇ. ವಾಸನೆ ಇಲ್ಲ, ಏನಿಲ್ಲ. ಕಲ್ಲಿನ ಥರ ಇರೋ ಪ್ಲಾಸ್ಟಿಕ್ಕಿಗೆ ಇದನ್ನ ಸೇರಿಸಿದ್ರೆ ಗೊಂಬೆ ಕೆನ್ನೆ ಮಗು ಕೆನ್ನೆ ಥರ ಮೆತ್ತಗಾಗುತ್ತೆ. ನನ್ನ ಕೈ ನೋಡಿ ಬೇಕಾದ್ರೆ!" ಎಂದು ಅಂಗೈ ಚಾಚಿದ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದು ಮೈಗೆ ಹಚ್ಚೋ ಎಣ್ಣೆ ಅಲ್ಲಪ್ಪಾ, ಕೆಮಿಕಲ್ಲು. ಚರ್ಮದೊಳಗೆ ಇಳಿಯುತ್ತೆ. ಯಾವಾಗ ಬೆಳೀಬೇಕು ಅಂತ ಮೈಗೆ ಹೇಳೋದು ಹಾರ್ಮೋನು. ಇಂಥ ಕೆಮಿಕಲ್ಲು ಆ ಲೆಕ್ಕಾನೇ ಕೆಡಿಸಬಹುದು. ಇದರಿಂದಲೇ ಆಯ್ತು ಅಂತ ಈಗಲೇ ಆಣೆ ಮಾಡಿ ಹೇಳಲಾರೆ, ಟೆಸ್ಟು ಬಾಕಿ ಇದೆ. ಆದ್ರೆ ಇವತ್ತಿಂದ ಒಂದು ಹನಿಯೂ ಕೂಡದು."

"ನನ್ನ ಕೈಯಾರೆ..." ಅಮ್ಮ ಎರಡೂ ಅಂಗೈಗಳನ್ನು ಬಟ್ಟೆಗೆ ಉಜ್ಜತೊಡಗಿದಳು. ಉಜ್ಜಿದಳು, ಮತ್ತೆ ಉಜ್ಜಿದಳು.

"ಬೇರೆ ಯಾರಾದ್ರೂ ಇದನ್ನ ಮಕ್ಕಳಿಗೆ ಹಚ್ತಾರಾ?" ಎಂದು ಡಾಕ್ಟರಮ್ಮ ಕೇಳಿದರು.

ಅಪ್ಪ ಚಾಚಿದ್ದ ಅಂಗೈಯನ್ನು ಹಿಂದಕ್ಕೆ ಎಳೆದುಕೊಂಡ. ಶೆಡ್ಡಿನಲ್ಲಿ ಯಾರಿಗೆ ಮಗುವಾದರೂ ಮೇಸ್ತ್ರಿಯ ಕಡೆಯಿಂದ ಒಂದು ಬಾಟಲಿ ಎಣ್ಣೆ ಹೋಗಲೇಬೇಕು. ಆ ಪದ್ಧತಿ ಶುರುಮಾಡಿದ ಪುಣ್ಯಾತ್ಮ ಅವನೇ. ಈಗ ತಂಗಿಗೆ ಹೆಣ್ಣುಮಗುವಾಗಿತ್ತು; ತನ್ನ ಕೈಕೆಳಗೇ ದುಡಿಯುವ ಅವಳ ಗಂಡನ ಕೈಯಲ್ಲಿ ನಿನ್ನೆ ಸಂಜೆಯೂ ಒಂದು ಬಾಟಲಿ ಕಳಿಸಿದ್ದ. ತಕ್ಷಣ ತಂಗಿಗೆ ಫೋನು ಮಾಡಿದ.

"ತಂಗೀ, ಆ ಎಣ್ಣೆ ಮುಟ್ಟಬೇಡ! ಚೆಲ್ಲಿಬಿಡು!"

"ಏನಣ್ಣಾ? ಏನೂ ಕೇಳಿಸ್ತಿಲ್ಲ, ನಲ್ಲಿ ಬಿಟ್ಟಿದೀನಿ," ತಂಗಿ ನಗುತ್ತಿದ್ದಳು. "ನಿನ್ನ ಸೊಸೇನ ನೋಡಬೇಕು ನೀನು. ತಲೆಯಿಂದ ಕಾಲಿನವರೆಗೂ ಹಚ್ಚಿದೀನಿ, ಎತ್ಕೊಂಡ್ರೆ ಕೈಯಿಂದ ಜಾರ್ತಾಳೆ. ನೋಡ್ತಿರು ಅಣ್ಣಾ, ಇವಳೂ ನಿನ್ನ ಮಗಳ ಥರಾನೇ ಬೇಗ ಬೇಗ ಬೆಳೆದುಬಿಡ್ತಾಳೆ!"