ಕಣ್ಣಿಗೆ ಕಾಣದ ಬಟ್ಟಲು

ರುದ್ರಮೂರ್ತಿ ಮೇಷ್ಟ್ರ ಹೆಂಡತಿ ಪ್ರೇಮಮ್ಮ ಕಾಫಿ ತಂದರು. ಮನೆಗೆ ಬಂದಿದ್ದ ಮಿಕ್ಕವರಿಗೆಲ್ಲ ಸ್ಟೀಲ್ ಲೋಟ. ಸಂಘಮಿತ್ರಾಳಿಗೂ ಅವಳ ತಾಯಿ ಹಾಲಮ್ಮನಿಗೂ ಮಾತ್ರ ಪೇಪರ್ ಕಪ್. “ಲೋಟ ಸಾಲ್ಲಿಲ್ಲ ಕಣಮ್ಮ, ಬೇಜಾರ್ ಮಾಡ್ಕೋಬೇಡ,” ಎಂದರು. ಅವರ ಬೆನ್ನ ಹಿಂದೆ ಅಡುಗೆಮನೆಯ ಗೂಡಿನಲ್ಲಿ ತೊಳೆದ ಲೋಟಗಳನ್ನು ಸಾಲಾಗಿ ಬೋರಲು ಹಾಕಿತ್ತು.

ಅಜ್ಜಂಪುರದ ಹೈಸ್ಕೂಲಿನಲ್ಲಿ ಸಂಘಮಿತ್ರಾಳಿಗೆ ವಿಜ್ಞಾನ ಕಲಿಸಿದವರು ಈ ಮೇಷ್ಟ್ರು. ಅವಳು ಪುಣೆಯಲ್ಲಿ ವಿಜ್ಞಾನಿಯಾದಳೆಂದು ಊರೆಲ್ಲ ಹೇಳಿಕೊಂಡು ತಿರುಗಿದವರು. ಅಂದು ಬೆಳಿಗ್ಗೆ ಸನ್ಮಾನ ಮಾಡಿಸಿ, ಅವಳ ಕೆಲಸದ ಬಗ್ಗೆ ಭಾಷಣ ಮಾಡಿಸಿ, ಹಾಲಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೂ ಅವರೇ. ಒಳ್ಳೆಯವರು. ಕಷ್ಟವೆಲ್ಲ ಅಲ್ಲೇ, ಕೆಟ್ಟವರಾಗಿದ್ದರೆ ಎದ್ದು ಹೋಗಬಹುದಿತ್ತು. ಈಗ ಅವರೂ ಪೇಪರ್ ಕಪ್ ನೋಡಿದರು. ನೋಡಿ, ಕಿಟಕಿಯ ಕಡೆ ತಿರುಗಿ ಈ ವರ್ಷದ ಈರುಳ್ಳಿ ಬೆಳೆಯ ಮಾತು ತೆಗೆದರು.

ಹಾಲಮ್ಮ ಕಪ್ ಹಿಡಿದುಕೊಂಡು ಮಗಳ ಮುಖವನ್ನೇ ನೋಡುತ್ತಿದ್ದಳು. ಸಂಘಮಿತ್ರಾಳಿಗೆ ಅವಮಾನವಾಯಿತು, ಸಿಟ್ಟೂ ಬಂತು. ಕೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೆಗಲ ಮೇಲೆ ಶಾಲು, ಎದುರಿಗೆ ಮೇಷ್ಟ್ರು. ಇಂಥ ದಿನವನ್ನು ಯಾಕೆ ಹಾಳು ಮಾಡಲಿ ಎಂದುಕೊಂಡು ಕಾಫಿ ಕುಡಿದು ಮುಗಿಸಿದಳು. ಹಾಲಮ್ಮ ಆಮೇಲೆ ಕುಡಿದಳು.

ತರೀಕೆರೆ ಬಸ್ಸಿಗೆ ಕಾಯುತ್ತಾ ಇಬ್ಬರೂ ಬೆಂಚಿನ ಮೇಲೆ ಕೂತರು. ನಡುವೆ ಸನ್ಮಾನದ ಹಣ್ಣಿನ ಬುಟ್ಟಿ. ಸಂಘಮಿತ್ರಾಳಿಗೆ ಪುಣೆಯ ಕಿಟಕಿಯಿಲ್ಲದ ಲ್ಯಾಬೇ ವಾಸಿ ಎನಿಸಿತು. ಅಲ್ಲಿ ದಿನವೆಲ್ಲ ಒಬ್ಬಳೇ ಇದ್ದರೂ ಯಾರ ಕಣ್ಣನ್ನೂ ತಪ್ಪಿಸಬೇಕಾಗಿರಲಿಲ್ಲ.

ಕೊನೆಗೆ ಹಾಲಮ್ಮನೇ ಕೇಳಿದಳು. “ಸ್ಟೇಜ್ ಮ್ಯಾಲೆ ಅಷ್ಟೊತ್ತು ಹೇಳ್ದಲ್ಲ, ನಂಗೊಂದೂ ತಿಳೀಲಿಲ್ಲ. ಅದೇನೇ ನೀನು ತಣ್ಣಗ್ ಮಾಡೋದು?”

“ಪರಮಾಣು ಅಂತ ಕಣವ್ವ. ಕಣ್ಣಿಗೆ ಕಾಣದಷ್ಟು ಸಣ್ಣವು.”

“ಐಸ್ ಇಟ್ಟು ಮಾಡ್ತೀರಾ?”

“ಅದರ ಮುಂದೆ ಐಸೂ ಕೆಂಡಾನೇ!” ಸಂಘಮಿತ್ರಾ ನಕ್ಕಳು. ಕಪ್ಪಿನ ಮಾತು ಬರದೆ ಬೇರೆ ಮಾತು ಬಂದದ್ದೇ ಅವಳಿಗೆ ಸಮಾಧಾನವಾಗಿತ್ತು. “ಆಯಸ್ಕಾಂತದ ಶಕ್ತಿಯಿಂದ ಒಂದು ಬಟ್ಟಲು ಥರ ಮಾಡ್ತೀವಿ. ಅದೂ ಕಣ್ಣಿಗೆ ಕಾಣಲ್ಲ. ಪರಮಾಣುಗಳು ಅದರೊಳಗೆ ಸಿಕ್ಕಾಕ್ಕೊಂಡಿರ್ತವೆ. ಆಮೇಲೆ ಬಟ್ಟಲಿನ ಅಂಚನ್ನ ಚೂರುಚೂರೇ ತಗ್ಗಿಸ್ತೀವಿ. ಬಿಸಿ ಜಾಸ್ತಿ ಇರೋವು ಎಗರಿ ಆಚೆ ಹೋಗ್ಬಿಡ್ತವೆ. ಒಳಗೆ ಉಳಿದೋವು ತಣ್ಣಗಾಗ್ತಾ ಆಗ್ತಾ, ಹೆಚ್ಚುಕಮ್ಮಿ ಅಲ್ಲಾಡೋದನ್ನೇ ನಿಲ್ಲಿಸ್ತವೆ.”

“ಆಚೆ ಹೋದೋವು ಏನಾಗ್ತವೆ?”

“ಅವನ್ನ ನಾವು ನೋಡಕ್ಕೆ ಹೋಗಲ್ಲವ್ವ. ನಮಗೆ ಬೇಕಾಗಿರೋದು ತಣ್ಣಗಾದೋವೇ.”

ಹಾಲಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನಿಮ್ಮಪ್ಪ ಎಗರಿ ಹೋದ. ಹೋಟ್ಲಲ್ಲಿ ನಮ್ಮ ಕೇರಿಯೋರ್ಗೆ ಬ್ಯಾರೆ ಲೋಟ ಮಡಗಿದ್ರು ಅಂತ ಅದನ್ನ ಬೀದಿಗೆ ಎಸ್ದು, ಏಟು ತಿಂದು, ಊರೇ ಬಿಟ್ಟ. ನಾನು ಉಳ್ಕಂಡೆ. ತಣ್ಣಗಾದೆ.”

“ಅವ್ವಾ, ಮೇಷ್ಟ್ರ ಮುಖ ನೋಡಿ ಸುಮ್ಮನಾದೆ ಕಣವ್ವ...”

“ನಾನು ನಿನ್ ಮುಖ ನೋಡ್ತಿದ್ದೆ.” ಹಾಲಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ನೀನು ಅಪ್ಪನಂಗೆ ಆಚೆ ಹೋದೋಳು, ಹೋಗ್ಲಿ ಬಿಡು ಅಂದ್ಕಂಡೇ ಇಷ್ಟು ವರ್ಸ ಒಬ್ಳೇ ಇದ್ದೆ ಕಣೇ. ನೀನೂ ಒಳಗೇ ಇದ್ದೀಯಲ್ಲೇ!”