ದೊದೊಲ್ ತಿರುವುವ ಕೈ

"ಮುಂದಿನ ವರ್ಷ ಮಡಗಾಂವ್ ಬೇಕರಿಯಿಂದ ತರ್ಸು. ನನ್ನ ಕೈಲಾಗಲ್ಲ!" ಎಂದು ಎರ್ಮೆಲಿಂದಾ ಅಡುಗೆಮನೆಯಿಂದಲೇ ಗಂಡನಿಗೆ ಕೂಗಿದಳು. ತೆಂಗಿನಹಾಲು, ಬೆಲ್ಲ, ಅಕ್ಕಿಹಿಟ್ಟಿನ ದೊದೊಲ್ ಒಲೆಯ ಮೇಲೆ ಕೊತಕೊತ ಕುದಿಯುತ್ತಿತ್ತು. ಸಟ್ಟುಗ ನಿಲ್ಲಿಸಿದರೆ ತಳ ಹಿಡಿಯುತ್ತದೆ. ನಾಳೆ ಕ್ರಿಸ್ಮಸ್. ಪಡಸಾಲೆಯಲ್ಲಿ ಮುಂಬಯಿಯ ನಾದಿನಿಯರ ನಗು.

"ನನ್ ತಂಗೀರನ್ನ ಕಳಿಸ್ಲಾ?" ಎಂದ ಕಾಯ್ತಾನ್.

"ಬೇಡಪ್ಪಾ, ಉಗುರುಬಣ್ಣ ಕಿತ್ತೋದೀತು!"

ಅಷ್ಟರಲ್ಲಿ ಹಿತ್ತಿಲ ಬಾಗಿಲಿಗೆ ಪಕ್ಕದ ಮನೆಯ ಮುದುಕಿ ಆಂಜೆಲಿನ್ ಮಾಯ್ ಬಂದು ನಿಂತಳು, ಕಪ್ಪು ಬಟ್ಟೆಯಲ್ಲಿ. ಮಳೆಗಾಲದಲ್ಲಿ ಅವಳ ಗಂಡ ತೀರಿಕೊಂಡಿದ್ದ. ವರ್ಷ ತುಂಬುವವರೆಗೆ ಆ ಮನೆಯಲ್ಲಿ ಸಿಹಿ ಮಾಡುವಂತಿಲ್ಲ. ನೆರೆಹೊರೆಯವರೇ ತಟ್ಟೆ ಕಳಿಸಬೇಕು.

"ನಿಮ್ಮ ತಟ್ಟೆ ಸಂಜೆ ನಾನೇ ತರ್ತೀನಿ ಮಾಯ್," ಎಂದಳು ಎರ್ಮೆಲಿಂದಾ, ತನ್ನ ಕೂಗಾಟ ಕೇಳಿಸಿತೇನೋ ಎಂದು ನಾಚಿ.

"ತಟ್ಟೆಗಲ್ಲ ಮಗಳೇ ಬಂದಿದ್ದು. ನಮ್ಮನೇಲಿ ಮಾಡೋ ಹಾಗಿಲ್ಲ, ನಿಜ. ನಿಮ್ಮನೇಲಿ ತಿರುವಬಾರದು ಅಂತ ಪಾದ್ರಿ ಏನೂ ಹೇಳಿಲ್ವಲ್ಲ?" ಮುದುಕಿ ಸಟ್ಟುಗ ಇಸಿದುಕೊಂಡು, ಉಡುಪಿನ ತೋಳಿನಿಂದಲೇ ಮುಖ ಒರೆಸಿಕೊಂಡು, ಒಲೆಯ ಮುಂದೆ ನಿಂತೇಬಿಟ್ಟಳು.

ಎರ್ಮೆಲಿಂದಾ ಬೆಳಗಿನಿಂದ ಮೊದಲ ಸಲ ಕೂತಳು. ಆರಿದ ಚಹಾ ಕುಡಿದಳು. ದೊದೊಲ್ ಗಟ್ಟಿಯಾಗುತ್ತಾ ಬಂತು, ಮುದುಕಿಯ ಹಣೆಯಿಂದ ಬೆವರು ಇಳಿಯತೊಡಗಿತು.

"ಕೈ ನೋಯುತ್ತೆ ಮಾಯ್, ಇತ್ತ ಕೊಡಿ."

"ನೋಯ್ಲಿ ಬಿಡೇ. ಡಿಸೆಂಬರ್ ಮುಗೀತಾ ಬಂದ್ರೂ ಈ ಸಲ ಕೈ ನೋಯ್ಲಿಲ್ಲವಲ್ಲ ಅಂತಲೇ ನಂಗೆ ನಿದ್ದೆ ಬರ್ತಿರ್ಲಿಲ್ಲ."

ಎರ್ಮೆಲಿಂದಾ ಎದ್ದು ಅವಳ ಪಕ್ಕ ನಿಂತು, ಸಟ್ಟುಗದ ಹಿಡಿಗೆ ತಾನೂ ಕೈ ಹಾಕಿದಳು.

"ಕಾಯ್ತಾನ್, ಇನ್ನೊಂದು ಪಾತ್ರೆ ಇಡ್ತೀವಿ, ಇನ್ನೆರಡು ಕಾಯಿ ಸುಲಿ!" ಎಂದು ಕೂಗಿದಳು. "ನಾವಿನ್ನೂ ಮುಗಿಸಿಲ್ಲ."